ದೊಡ್ಡಪ್ಪನ ಗ್ಯಾಸ್‌ಲೈಟು ಮತ್ತು ಎಂಥಾಲ್ಪಿ

ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ರಸಾಯನಶಾಸ್ತ್ರ ಯಾಕಯ್ಯಾ ಎಂದು ಸಂಪಾದಕ ಮಿತ್ರರು ಕೇಳಿದರು. "ಕಥೆ ಇದ್ರೆ ಕೊಡು, ಇಲ್ದಿದ್ರೆ ಒಂದು ಕವನವಾದ್ರೂ ಕೊಡು, ಈ ಶಾಖ ಗೀಖ ಯಾರಿಗೆ ಬೇಕು" ಎಂದರು. ಅವರ ಮಾತು ಸುಳ್ಳಲ್ಲ. ಆದರೆ ಬಿ.ಎಸ್ಸಿ. ಮುಗಿಸಿ ಕನ್ನಡ ಎಂ.ಎ.ಗೆ ಬಂದವನು ನಾನು. ನನ್ನ ಮೇಲೆ ಒಂದು ಪ್ರಶ್ನೆಯ ಸಾಲ ಉಳಿದಿದೆ. ಕೇಳಿದವರು ನನ್ನ ದೊಡ್ಡಪ್ಪ. ಕೇಳಿದ ಜಾಗ ಕಾಶಿಯ ಆಚೆ ದಡದ ರಾಮನಗರ. ಆ ಸಾಲವನ್ನು ಇಲ್ಲಿ ತೀರಿಸಲು ಹೊರಟಿದ್ದೇನೆ.

ದೊಡ್ಡಮ್ಮನ ಅಸ್ಥಿ ಬಿಡಲು ನಾವಿಬ್ಬರೂ ಕಾಶಿಗೆ ಹೋಗಿದ್ದೆವು. ಕರ್ಮಗಳೆಲ್ಲ ಮುಗಿದ ಮೇಲೆ ಮನೆಗೆ ಹೊರಡಲು ಇನ್ನೂ ಎರಡು ದಿನವಿತ್ತು. ದೊಡ್ಡಪ್ಪ ಕೋಣೆಯಲ್ಲಿ ಸುಮ್ಮನೆ ಗೋಡೆ ನೋಡುತ್ತಾ ಕೂತುಬಿಡುತ್ತಿದ್ದರು. ರಾಮನಗರದಲ್ಲಿ ರಾಮಲೀಲೆ ನಡೀತಾ ಇದೆ, ಕರೆಂಟು ಮೈಕು ಏನೂ ಇಲ್ಲದೆ ಗ್ಯಾಸ್‌ಲೈಟಿನಲ್ಲೇ ಮಾಡ್ತಾರಂತೆ ಅಂದೆ. "ಗ್ಯಾಸ್‌ಲೈಟಾ?" ಎಂದು ಎದ್ದು ಕೂತರು. ಅದಕ್ಕೆ ಕಾರಣವಿತ್ತು. ತೀರ್ಥಹಳ್ಳಿ ಕಡೆ ನಮ್ಮೂರಿಗೆ ಕರೆಂಟು ಬರುವ ಮೊದಲು, ಬಯಲಾಟಕ್ಕೆ, ಮದುವೆಗೆ, ದೇವರ ಉತ್ಸವಕ್ಕೆ ಗ್ಯಾಸ್‌ಲೈಟು ಬಾಡಿಗೆಗೆ ಕೊಡುತ್ತಿದ್ದವರು ಅವರು. ಹನ್ನೆರಡು ಲೈಟುಗಳಿದ್ದವಂತೆ. ರಾತ್ರಿಯಿಡೀ ರಂಗಸ್ಥಳದ ಬದಿಯಲ್ಲಿ ಕೂತು ಗಾಳಿ ಹೊಡೆಯುವುದೇ ಅವರ ಯೌವನವಾಗಿತ್ತು.

ಸಾಮ್ನೆ ಘಾಟಿನ ಸೇತುವೆ ದಾಟಿ ಆಟೋದಲ್ಲಿ ಹೋದೆವು. ರಾಮನಗರ ಕಾಶೀ ಅರಸರ ಊರು. ಚುನಾರಿನ ಕಲ್ಲಿನಲ್ಲಿ 18ನೆಯ ಶತಮಾನದಲ್ಲಿ ಕಟ್ಟಿಸಿದ ಕೋಟೆ ಗಂಗೆಯ ದಡದಲ್ಲೇ ನಿಂತಿದೆ. ಅಲ್ಲಿನ ರಾಮಲೀಲೆ 19ನೆಯ ಶತಮಾನದ ಪೂರ್ವಾರ್ಧದಿಂದ ನಡೆದು ಬಂದದ್ದು. ಸುಮಾರು ಒಂದು ತಿಂಗಳ ಆಟ. 2008ರಲ್ಲಿ ಯುನೆಸ್ಕೋ ರಾಮಲೀಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಊರಿನ ಬೇರೆಬೇರೆ ಬಯಲುಗಳಿಗೇ ಅಯೋಧ್ಯೆ, ಜನಕಪುರ, ಪಂಚವಟಿ, ಲಂಕೆ ಎಂದು ಹೆಸರು. ರಾಮ ನಡೆದ ಕಡೆ ಜನವೂ ನಡೆಯಬೇಕು. ಕತ್ತಲಾಗುತ್ತಿದ್ದಂತೆ ಪೆಟ್ರೋಮ್ಯಾಕ್ಸ್ ಲೈಟುಗಳು ಒಂದೊಂದಾಗಿ ಹತ್ತಿಕೊಂಡವು.

ಎಲ್ಲರೂ ರಾಮನನ್ನು ನೋಡುತ್ತಿದ್ದರೆ ನಮ್ಮ ದೊಡ್ಡಪ್ಪ ಲೈಟು ಹಚ್ಚುವವನ ಕೈ ನೋಡುತ್ತಿದ್ದರು. ಆತ ಬಟ್ಟಲಿಗೆ ಸ್ಪಿರಿಟ್ ಹಾಕಿ ಕಡ್ಡಿ ಗೀರಿದ. ಸ್ವಲ್ಪ ಹೊತ್ತು ನೀಲಿ ಉರಿ ಉರಿಯಿತು. ಆಮೇಲೆ ಗಾಳಿ ಹೊಡೆದ. ಭುಸ್ಸೆಂದು ಸದ್ದು ಬಂತು, ಮ್ಯಾಂಟಲ್ ಬೆಳ್ಳಗಾಯಿತು. ಆಗ ದೊಡ್ಡಪ್ಪ ನನ್ನ ಕಡೆ ತಿರುಗಿ ಕೇಳಿದರು:

"ನಲವತ್ತು ವರ್ಷದಿಂದ ನಂಗೊಂದು ಸಂಶಯ ಕಣೋ. ಎಣ್ಣೆಯೊಳಗೆ ಬೆಂಕಿ ಉಂಟು ಅಂತಾದ್ರೆ, ಅದಕ್ಕೆ ಮೊದಲು ನಾವ್ಯಾಕೆ ಬೆಂಕಿ ಕೊಡ್ಬೇಕು? ಒಳಗಿದ್ದದ್ದು ತಾನಾಗೇ ಬರಬಾರ್ದಾ?"

ನಾನು ಠೀವಿಯಿಂದ ಹೇಳಿದೆ: "ಅದು ಎಕ್ಸೋಥರ್ಮಿಕ್ ರಿಯಾಕ್ಷನ್ ದೊಡ್ಡಪ್ಪ. ಎಂಥಾಲ್ಪಿ ಚೇಂಜ್ ನೆಗೆಟಿವ್."

"ಎಂಥ?"

"ಎಂಥಾಲ್ಪಿ."

"ಅದೇ, ಎಂಥದು ಅಂತ ಕೇಳಿದ್ದು."

ನಾನು ತಡವರಿಸಿದೆ. ಕೊನೆಗೆ, ಎಣ್ಣೆಯ ಅಣುಗಳಲ್ಲಿ ಬಂಧಗಳಿರ್ತವೆ, ಅವು ಮುರಿದಾಗ ಒಳಗಿನ ಶಕ್ತಿ ಹೊರಗೆ ಬರುತ್ತೆ ಅಂದೆ. ದೊಡ್ಡಪ್ಪ ನಕ್ಕರು. "ಕಟ್ಟಿಗೆ ಒಡೆದು ಗೊತ್ತುಂಟೇನೋ ನಿಂಗೆ? ಮುರಿಯೋದಕ್ಕೆ ಶಕ್ತಿ ಬೇಕು. ಮುರಿದ್ರೆ ಶಕ್ತಿ ಬರೋದು ಹೇಗೆ?"

ಮಿತ್ರರೇ, ಈ ಪೇಪರಿನಲ್ಲಿ ನನಗೆ ನೂರಕ್ಕೆ 78 ಬಂದಿತ್ತು. ಇಂಗ್ಲಿಷಿನ ವಾಕ್ಯಗಳನ್ನು ಉರು ಹೊಡೆದು ಬರೆದಿದ್ದೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ದೊಡ್ಡಪ್ಪ ಒಂದೇ ಮಾತಿನಲ್ಲಿ ನನ್ನ ತಪ್ಪನ್ನು ಹಿಡಿದರು. ಅವರು ಹೇಳಿದ್ದೇ ಸರಿ. ಬಂಧ ಮುರಿಯಲು ಯಾವಾಗಲೂ ಶಕ್ತಿ ಕೊಡಬೇಕು. ಹೊಸ ಬಂಧ ಕೂಡಿಕೊಂಡಾಗ ಮಾತ್ರ ಶಕ್ತಿ ಹೊರಬೀಳುತ್ತದೆ. ನನ್ನ ಹಾಗೆ ತಿರುಗುಮುರುಗಾಗಿ ತಿಳಿದಿರುವವರು ನಮ್ಮ ಕಾಲೇಜಿನಲ್ಲಿ ಇನ್ನೂ ಹಲವರಿದ್ದಾರೆ ಎಂಬ ಧೈರ್ಯದಿಂದ ಮುಂದಿನದನ್ನು ಬರೆಯುತ್ತೇನೆ.

ಮೊದಲು ಲೆಕ್ಕ ನೋಡೋಣ. ಸೀಮೆಎಣ್ಣೆ ಹಲವು ಹೈಡ್ರೋಕಾರ್ಬನ್ನುಗಳ ಬೆರಕೆ. ಅದರ ಲೆಕ್ಕ ಉದ್ದ. ಅದೇ ಜಾತಿಯ ಅತಿ ಸಣ್ಣ ಅಣು ಮೀಥೇನ್, ನಮ್ಮ ಮನೆಯ ಗೋಬರ್ ಗ್ಯಾಸಿನ ಮುಖ್ಯ ಭಾಗ. ಒಂದು ಇಂಗಾಲದ ಪರಮಾಣುವಿಗೆ ನಾಲ್ಕು ಜಲಜನಕ ಅಂಟಿಕೊಂಡಿವೆ. ಒಂದು ಮೋಲ್ ಮೀಥೇನ್, ಅಂದರೆ 16 ಗ್ರಾಂ, ಉರಿಯಲು ಎರಡು ಮೋಲ್ ಆಮ್ಲಜನಕ ಬೇಕು. ಇಂಗಾಲ-ಜಲಜನಕದ ಬಂಧ ಒಂದನ್ನು ಮುರಿಯಲು ಮೋಲಿಗೆ ಸುಮಾರು 413 ಕಿಲೋಜೂಲ್, ನಾಲ್ಕಕ್ಕೆ 1652. ಆಮ್ಲಜನಕದ ಅಣು ಮುರಿಯಲು ಸುಮಾರು 495; ಎರಡಕ್ಕೆ 990. ಒಟ್ಟು ಖರ್ಚು 2642 ಕಿಲೋಜೂಲ್.

ಈಗ ಜಮೆ. ಬಿಡಿಯಾದ ಪರಮಾಣುಗಳು ಹೊಸ ಜೋಡಿ ಹುಡುಕಿಕೊಳ್ಳುತ್ತವೆ. ಇಂಗಾಲದ ಡೈ ಆಕ್ಸೈಡಿನಲ್ಲಿ ಇಂಗಾಲ-ಆಮ್ಲಜನಕದ ಎರಡು ಗಟ್ಟಿ ಬಂಧಗಳು, ಒಂದಕ್ಕೆ 799ರಂತೆ 1598. ಎರಡು ಅಣು ನೀರಿನಲ್ಲಿ ನಾಲ್ಕು ಬಂಧಗಳು, ಒಂದಕ್ಕೆ 463ರಂತೆ 1852. ಒಟ್ಟು ಜಮೆ 3450. ಜಮೆಯಲ್ಲಿ ಖರ್ಚು ಕಳೆದರೆ 808 ಉಳಿಯಿತು. ಪ್ರಯೋಗದಲ್ಲಿ ಅಳೆದರೆ, ನೀರು ಆವಿಯಾಗಿಯೇ ಉಳಿದಾಗ, 802 ಬರುತ್ತದೆ. ಬಂಧಗಳಿಗೆ ನಾವು ಹಾಕಿದ್ದು ಸರಾಸರಿ ಬೆಲೆಯಾದ್ದರಿಂದ ಇಷ್ಟು ಹೆಚ್ಚುಕಮ್ಮಿ ಇದ್ದೇ ಇರುತ್ತದೆ.

ಈ ಉಳಿಕೆಯೇ ನಮ್ಮ ಒಲೆಯ ಬೆಂಕಿ. ಹಾಗಾದರೆ ಅದು ಮೀಥೇನಿನೊಳಗೆ ಇತ್ತೆ? ಮೀಥೇನನ್ನು ಮಾತ್ರ ಇಟ್ಟುಕೊಂಡು ಎಷ್ಟು ಹುಡುಕಿದರೂ ಸಿಗದು. ಆಮ್ಲಜನಕದಲ್ಲಿ ಇತ್ತೆ? ಅಲ್ಲೂ ಇಲ್ಲ. ಮೊದಲು ಇದ್ದ ಸ್ಥಿತಿಗೂ ಆಮೇಲೆ ಬಂದ ಸ್ಥಿತಿಗೂ ನಡುವಿನ ವ್ಯತ್ಯಾಸವೇ ಆ ಶಾಖ. ಮರದೊಳಗೆ ಬೆಂಕಿ ಅಡಗಿದೆ ಎಂಬ ಹೋಲಿಕೆ ನಮ್ಮ ವಚನಗಳಲ್ಲಿ ಬರುತ್ತದೆ; ಕಾವ್ಯಕ್ಕೆ ಅದು ಚೆಂದ. ವಿಜ್ಞಾನಿಗಳೂ ಬಹಳ ಕಾಲ ಹಾಗೆಯೇ ನಂಬಿದ್ದರು. ಫ್ರಾನ್ಸಿನ ಲವಾಸಿಯೇ 1789ರಲ್ಲಿ ಮೂಲವಸ್ತುಗಳ ಪಟ್ಟಿ ಮಾಡಿದಾಗ ಶಾಖವನ್ನೂ 'ಕ್ಯಾಲೊರಿಕ್' ಎಂಬ ಒಂದು ವಸ್ತುವೆಂದು ಅದರಲ್ಲಿ ಸೇರಿಸಿದ್ದ. ಶಾಖ ವಸ್ತುವಲ್ಲ, ಸಾಗುತ್ತಿರುವ ಶಕ್ತಿ ಎಂಬುದು 19ನೆಯ ಶತಮಾನದ ನಡುವಿನಲ್ಲಿ, ಜೂಲ್ ಮೊದಲಾದವರ ಪ್ರಯೋಗಗಳಿಂದ ಸ್ಥಿರವಾಯಿತು.

ಇನ್ನು 'ಎಂಥದು' ಎಂಬ ಪ್ರಶ್ನೆ. ಎಂಥಾಲ್ಪಿ ಎಂಬುದು ಒಳಗೆ ಬೆಚ್ಚಗಾಗು ಎಂಬರ್ಥದ ಗ್ರೀಕ್ ಮಾತಿನಿಂದ ಬಂದ ಪದ. 20ನೆಯ ಶತಮಾನದ ಆರಂಭದಲ್ಲಿ ಹಾಲೆಂಡಿನ ಕಾಮರ್ಲಿಂಗ್ ಓನ್ನೆಸ್ ಈ ಹೆಸರಿಟ್ಟ. ವಸ್ತುವಿನ ಒಳಶಕ್ತಿಗೆ ಅದರ ಒತ್ತಡ ಮತ್ತು ಗಾತ್ರಗಳ ಗುಣಲಬ್ಧವನ್ನು ಕೂಡಿಸಿದರೆ ಎಂಥಾಲ್ಪಿ. ಅದನ್ನೇಕೆ ಕೂಡಿಸಬೇಕು? ಬಯಲಲ್ಲಿ ಏನಾದರೂ ಉರಿದಾಗ ಅನಿಲಗಳು ಹಿಗ್ಗಿ ಸುತ್ತಲಿನ ಗಾಳಿಯನ್ನು ತಳ್ಳಬೇಕು. ಆ ತಳ್ಳುವ ಕೂಲಿಯೂ ಲೆಕ್ಕಕ್ಕೆ ಬರಬೇಕಲ್ಲ! ಅದನ್ನು ಮೊದಲೇ ಸೇರಿಸಿಟ್ಟರೆ ಒಂದು ಅನುಕೂಲ: ಒತ್ತಡ ಒಂದೇ ಸಮನಾಗಿರುವಾಗ ಎಂಥಾಲ್ಪಿಯಲ್ಲಿ ಆದ ವ್ಯತ್ಯಾಸವೇ ನಮ್ಮ ಕೈಗೆ ಸಿಗುವ ಶಾಖ. ರಾಮನಗರದ ಬಯಲಲ್ಲಾಗಲಿ ನಮ್ಮ ಅಡುಗೆಮನೆಯಲ್ಲಾಗಲಿ ಇರುವುದು ವಾಯುಮಂಡಲದ ಒತ್ತಡವೇ ಆದ್ದರಿಂದ ಈ ಲೆಕ್ಕ ಎಲ್ಲ ಕಡೆ ನಡೆಯುತ್ತದೆ. ವ್ಯತ್ಯಾಸಕ್ಕೆ 'ಡೆಲ್ಟಾ ಎಚ್' ಎಂದು ಗುರುತು. ಶಾಖ ಹೊರಗೆ ಹೋದರೆ ವಸ್ತುಗಳ ಖಾತೆಯಲ್ಲಿ ಕಡಿಮೆಯಾಯಿತು, ಆದ್ದರಿಂದ ಋಣ ಚಿಹ್ನೆ. ಅದು ಬಹಿರುಷ್ಣಕ ಕ್ರಿಯೆ. ಒಳಗೆ ಬಂದರೆ ಧನ ಚಿಹ್ನೆ. ಅದು ಅಂತರುಷ್ಣಕ ಕ್ರಿಯೆ. ನಮಗೆ ಬೆಚ್ಚಗಾದದ್ದಕ್ಕೆ ಋಣ ಯಾಕೆ ಎಂದು ಗೊಂದಲಪಡುವವರು ಇದು ಯಾರ ಖಾತೆ ಎಂಬುದನ್ನು ನೆನಪಿಟ್ಟರೆ ಸಾಕು.

ಈಗ ಸ್ಪಿರಿಟಿನ ಬಟ್ಟಲಿಗೆ ಬರೋಣ. ಗ್ಯಾಸ್‌ಲೈಟಿನಲ್ಲಿ ಉರಿಯುವುದು ದ್ರವರೂಪದ ಎಣ್ಣೆಯಲ್ಲ, ಅದರ ಆವಿ. ಗಾಳಿ ಹೊಡೆದಾಗ ಒತ್ತಡಕ್ಕೆ ಎಣ್ಣೆ ಕೊಳವೆಯಲ್ಲಿ ಮೇಲೇರುತ್ತದೆ. ಕೊಳವೆ ಕಾದಿದ್ದರೆ ಅಲ್ಲೇ ಆವಿಯಾಗಿ ಸಣ್ಣ ತೂತಿನಿಂದ ಚಿಮ್ಮಿ, ಗಾಳಿಯೊಂದಿಗೆ ಬೆರೆತು, ಮ್ಯಾಂಟಲಿನಲ್ಲಿ ಉರಿಯುತ್ತದೆ. ದ್ರವ ಆವಿಯಾಗುವುದು ಅಂತರುಷ್ಣಕ ಕ್ರಿಯೆ, ಶಾಖ ಬೇಡುತ್ತದೆ. ಒಂದು ಗ್ರಾಂ ಸೀಮೆಎಣ್ಣೆಯನ್ನು ಕಾಯಿಸಿ ಆವಿ ಮಾಡಲು ಒಂದು ಕಿಲೋಜೂಲಿನ ಒಳಗೇ ಸಾಕು. ಅದೇ ಒಂದು ಗ್ರಾಂ ಉರಿದರೆ ಸಿಗುವುದು ಸುಮಾರು 43 ಕಿಲೋಜೂಲ್. ಮೊದಲ ಕಂತು ಸ್ಪಿರಿಟಿನದು. ಒಮ್ಮೆ ಹತ್ತಿಕೊಂಡ ಮೇಲೆ ಮ್ಯಾಂಟಲಿನ ಕಾವೇ ಕೊಳವೆಯನ್ನು ಕಾಯಿಸುತ್ತಾ ಮುಂದಿನ ಎಣ್ಣೆಗೆ ದಾರಿ ಮಾಡುತ್ತದೆ. ಆಮೇಲೆ ಬೇಕಾದದ್ದು ಎಣ್ಣೆ ಮತ್ತು ಗಾಳಿ ಮಾತ್ರ. ಅಂದ ಹಾಗೆ, ಆ ಬೆಳ್ಳನೆಯ ಬೆಳಕು ಉರಿಯದ್ದಲ್ಲ. ಮ್ಯಾಂಟಲಿನ ಬಟ್ಟೆ ಸುಟ್ಟ ಮೇಲೆ ಉಳಿಯುವ ಆಕ್ಸೈಡಿನ ಬಲೆ ಆ ಕಾವಿಗೆ ಬೆಳಗುವುದು. ಆಸ್ಟ್ರಿಯದ ವೆಲ್ಸ್‌ಬಾಕ್ 1891ರಲ್ಲಿ ಮಾಡಿದ ಮ್ಯಾಂಟಲಿನಲ್ಲಿ ನೂರಕ್ಕೆ 99 ಪಾಲು ಥೋರಿಯಂ ಆಕ್ಸೈಡ್, ಒಂದು ಪಾಲು ಸೀರಿಯಂ ಆಕ್ಸೈಡ್.

ಆವಿಯಾದ ಮಾತ್ರಕ್ಕೆ ಎಣ್ಣೆ ತಾನಾಗಿ ಉರಿಯುವುದೂ ಇಲ್ಲ, ಕಿಡಿ ಬೇಕು. ಇದನ್ನು ನಮ್ಮ ಕಡೆಯ ಬಸ್ಸಿನ ದಾರಿಯಿಂದ ತಿಳಿಯಬಹುದು. ತೀರ್ಥಹಳ್ಳಿಯಿಂದ ಉಡುಪಿಗೆ ಹೋಗುವ ಬಸ್ಸು ಒಟ್ಟಿನಲ್ಲಿ ಇಳಿಯುವುದೇ. ಆದರೆ ಆಗುಂಬೆಯವರೆಗೆ ಸ್ವಲ್ಪ ಹತ್ತಬೇಕು. ಅಲ್ಲಿಂದ ಸೋಮೇಶ್ವರಕ್ಕೆ ಇಳಿಜಾರು. ಆ ಮೊದಲ ಏರಿಗೆ ಆಕ್ಟಿವೇಷನ್ ಎನರ್ಜಿ ಎನ್ನುತ್ತಾರೆ. ಹಳೆಯ ಬಂಧಗಳನ್ನು ಸಡಿಲಿಸಲು ಬೇಕಾದ ಖರ್ಚು ಅದು. ತೀರ್ಥಹಳ್ಳಿಗೂ ಉಡುಪಿಗೂ ಇರುವ ಎತ್ತರದ ಅಂತರ ಡೆಲ್ಟಾ ಎಚ್. ಕೆಲವರು ಇವೆರಡನ್ನೂ ಒಂದೇ ಎಂದು ತಿಳಿಯುತ್ತಾರೆ. ಏರು ಎಷ್ಟೇ ಇರಲಿ, ಅಂತರ ಬದಲಾಗುವುದಿಲ್ಲ. ಏರು ಇರುವುದರಿಂದಲೇ ಸೀಮೆಎಣ್ಣೆ ಡಬ್ಬಿಯಲ್ಲಿ ತಣ್ಣಗೆ ಕೂತಿರುತ್ತದೆ. ಇಲ್ಲದಿದ್ದರೆ ಗಾಳಿ ತಾಗಿದ ಕೂಡಲೇ ಉರಿದುಹೋಗುತ್ತಿತ್ತು.

ಯಾವ ದಾರಿಯಲ್ಲಿ ಹೋದರೂ ಒಟ್ಟು ಅಂತರ ಒಂದೇ ಎಂಬುದನ್ನು 1840ರಲ್ಲಿ ರಷ್ಯದ ಪೀಟರ್ಸ್‌ಬರ್ಗಿನಲ್ಲಿದ್ದ ಹೆಸ್ ಎಂಬ ರಸಾಯನಜ್ಞ ನಿಯಮವಾಗಿ ಹೇಳಿದ. ಇದಕ್ಕೆ ನನಗೆ ಉದಾಹರಣೆ ಸಿಕ್ಕಿದ್ದು ರಾಮನಗರದ ಬೀದಿಯಲ್ಲೇ, ದೊಡ್ಡಪ್ಪ ಕೊಂಡ ಬನಾರಸಿ ಪಾನಿನ ಸುಣ್ಣದಲ್ಲಿ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟು ಸುಟ್ಟಸುಣ್ಣ ಮಾಡಲು ಮೋಲಿಗೆ ಸುಮಾರು 178 ಕಿಲೋಜೂಲ್ ಶಾಖ ಕೊಡಬೇಕು. ಇಂಗಾಲದ ಡೈ ಆಕ್ಸೈಡ್ ಹೊರಟುಹೋಗುತ್ತದೆ. ಸುಟ್ಟಸುಣ್ಣಕ್ಕೆ ನೀರು ಹಾಕಿದರೆ ಕೊತಕೊತ ಕುದಿಯುವುದನ್ನು ನೀವು ಮನೆಯಲ್ಲಿ ನೋಡಿದ್ದೀರಿ. ಅಲ್ಲಿ ಸುಮಾರು 65 ವಾಪಸು ಬಂತು. ಆ ಸುಣ್ಣವನ್ನು ಗೋಡೆಗೆ ಬಳಿದರೆ ದಿನಗಟ್ಟಲೆ ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಆಗ ಬರುವುದು ಸುಮಾರು 113. ನಿಧಾನವಾಗಿ ಬರುವುದರಿಂದ ಗೋಡೆ ಮುಟ್ಟಿದರೆ ಬಿಸಿ ಗೊತ್ತಾಗುವುದಿಲ್ಲ. 65ಕ್ಕೆ 113 ಕೂಡಿಸಿ: 178. ಭಟ್ಟಿಯಲ್ಲಿ ಕೊಟ್ಟ ಸಾಲ ಪೈಸೆಪೈಸೆ ತೀರಿತು.

ಇಂಗಾಲದ್ದೂ ಇದೇ ರೀತಿ. ಅದು ಅರ್ಧ ಉರಿದು ಇಂಗಾಲದ ಮಾನಾಕ್ಸೈಡ್ ಆದರೆ ಮೋಲಿಗೆ 110.5 ಕಿಲೋಜೂಲ್, ಉಳಿದರ್ಧಕ್ಕೆ 283. ನೇರವಾಗಿ ಪೂರ್ತಿ ಉರಿದರೆ 393.5. ಗಾಳಿ ಸಾಲದೆ ಹೋದಲ್ಲಿ ಮೊದಲ ಹಂತದಲ್ಲೇ ನಿಲ್ಲುವುದುಂಟು. ಆಗ ಶಾಖವೂ ನಷ್ಟ, ಆ ಅನಿಲ ವಿಷವೂ ಹೌದು. ಮುಚ್ಚಿದ ಕೋಣೆಯಲ್ಲಿ ಗ್ಯಾಸ್‌ಲೈಟು, ಕೆಂಡದ ಒಲೆ ಇಟ್ಟು ಮಲಗಬೇಡಿ ಎಂದು ಹಿರಿಯರು ಗದರುತ್ತಿದ್ದುದು ಸುಮ್ಮನೆ ಅಲ್ಲ.

ರಾಮನಗರದಲ್ಲಿ ಇನ್ನೊಂದು ಪ್ರಶ್ನೆಯೂ ಬಂತು. ದಿನದ ಲೀಲೆ ಮುಗಿಯುವಾಗ ಆರತಿ. ಆಗ 'ಮಹತಾಬಿ' ಎಂಬ ಬೆಳಕಿನ ಮದ್ದು ಹಚ್ಚುತ್ತಾರೆ. ಕಣ್ಣು ಕೋರೈಸುವ ಬೆಳಕಿನಲ್ಲಿ ರಾಮ ಸೀತೆಯರ ಮುಖ ಕಂಡು ಜನ ಕೈಮುಗಿದರು. ದೊಡ್ಡಪ್ಪ ಹೊಗೆಯ ವಾಸನೆ ಹಿಡಿದು, "ಪೆಟ್ಲುಪ್ಪು, ಗಂಧಕ" ಅಂದರು. ಸ್ವಲ್ಪ ಹೊತ್ತಿನ ಮೇಲೆ: "ಪೆಟ್ಲುಪ್ಪು ನಾಲಿಗೆ ಮೇಲಿಟ್ರೆ ತಂಪು. ಮದ್ದಿಗೆ ಹಾಕಿದ್ರೆ ಬೆಂಕಿ. ಇದು ಹೇಗೆ?"

ಈ ಬೆರಗು ಅವರೊಬ್ಬರದೇ ಅಲ್ಲ. ಅಬುಲ್ ಫಜಲ್ 16ನೆಯ ಶತಮಾನದ ಕೊನೆಯಲ್ಲಿ ಬರೆದ 'ಐನ್-ಇ-ಅಕ್ಬರಿ'ಯಲ್ಲೂ ಇದಿದೆ. ಅಕ್ಬರ್ ಬಾದಶಹ ಕುಡಿಯುತ್ತಿದ್ದುದು ಗಂಗೆಯ ನೀರು. ಅದನ್ನು ತಣ್ಣಗೆ ಮಾಡಲು, ಮದ್ದಿನಲ್ಲಿ ಬೆಂಕಿಯಾಗುವ ಪೆಟ್ಲುಪ್ಪನ್ನೇ ಬಳಸುತ್ತಿದ್ದರಂತೆ. ಕುಡಿಯುವ ನೀರಿನ ಬಾಯಿ ಮುಚ್ಚಿ, ಉಪ್ಪು ಕರಗಿಸಿದ ಬೇರೆ ನೀರಿನಲ್ಲಿ ಆ ಪಾತ್ರೆಯನ್ನು ಆಡಿಸುವುದು. ಗಂಗೆಯ ಬಯಲು, ಅದರಲ್ಲೂ ಬಿಹಾರದ ಕಡೆ, ಪೆಟ್ಲುಪ್ಪಿಗೆ ಹೆಸರಾದ ಸೀಮೆ. ಈಸ್ಟ್ ಇಂಡಿಯಾ ಕಂಪನಿ ಅದನ್ನು ಹಡಗುಗಟ್ಟಲೆ ಸಾಗಿಸಿ ತೋಪಿನ ಮದ್ದು ಮಾಡಿಸಿತು.

ಲೆಕ್ಕ ಹೀಗಿದೆ. ಪೆಟ್ಲುಪ್ಪು ನೀರಿನಲ್ಲಿ ಕರಗುವಾಗ ಹರಳಿನ ಕಣಗಳನ್ನು ಬಿಡಿಸಲು ಆಗುವ ಖರ್ಚು, ಆ ಕಣಗಳನ್ನು ನೀರು ಸುತ್ತುವರಿದಾಗ ಬರುವ ಜಮೆಗಿಂತ ಹೆಚ್ಚು. ಮೋಲಿಗೆ, ಅಂದರೆ 101 ಗ್ರಾಮಿಗೆ, ಸುಮಾರು 35 ಕಿಲೋಜೂಲ್ ಕೊರತೆ. ಅದನ್ನು ನೀರಿನಿಂದಲೇ ಕಿತ್ತುಕೊಳ್ಳುತ್ತದೆ. ಒಂದು ಲೀಟರ್ ನೀರು ಒಂದು ಡಿಗ್ರಿ ಇಳಿಯಲು ಸುಮಾರು 4.2 ಕಿಲೋಜೂಲ್ ಹೋಗಬೇಕಾದ್ದರಿಂದ ನೀರು ಸುಮಾರು 8 ಡಿಗ್ರಿ ತಣ್ಣಗಾಗುತ್ತದೆ. ಮದ್ದಿನಲ್ಲಿ? ಅಲ್ಲಿಯೂ ಪೆಟ್ಲುಪ್ಪು ಶಾಖ ಕೊಡುವುದಿಲ್ಲ. ಅದರಿಂದ ಆಮ್ಲಜನಕ ಬಿಡಿಸಲು ನಾವೇ ಶಾಖ ಕೊಡಬೇಕು. ಬಿಡುಗಡೆಯಾದ ಆಮ್ಲಜನಕ ಗಂಧಕವನ್ನೋ ಇದ್ದಿಲನ್ನೋ ಕೂಡಿ ಗಟ್ಟಿ ಬಂಧ ಕಟ್ಟಿದಾಗ ಬರುವ ಜಮೆ ಆ ಖರ್ಚನ್ನೆಲ್ಲ ಮೀರಿಸುತ್ತದೆ. ಒಂದೇ ಉಪ್ಪು, ಎರಡು ಕಡೆಯೂ ಹೊರಡುವ ಜಾಗ ಒಂದೇ, ಮುಟ್ಟುವ ಊರು ಬೇರೆ. ಬೆಂಕಿ ಎಣ್ಣೆಯಲ್ಲಿ ಇಲ್ಲ ಎಂದೆನಲ್ಲ, ತಂಪೂ ಉಪ್ಪಿನಲ್ಲಿ ಇಲ್ಲ.

ಶಾಖ ಕಿತ್ತುಕೊಳ್ಳುವ ಕ್ರಿಯೆ ತಾನಾಗಿ ನಡೆಯುವುದಾದರೂ ಹೇಗೆ ಎಂದು ಜಾಣರು ಕೇಳಬಹುದು. ಎಂಥಾಲ್ಪಿ ಒಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. ಕಣಗಳು ಚದುರಿಕೊಳ್ಳುವ ಸ್ವಭಾವವೂ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಎಂಟ್ರೊಪಿ ಎಂಬ ಬೇರೆಯೇ ಖಾತೆ ಇದೆ. ಸಂಪಾದಕರು ಜಾಗ ಕೊಟ್ಟರೆ ಮುಂದಿನ ಸಂಚಿಕೆಯಲ್ಲಿ.

ಇಷ್ಟನ್ನೂ ನಾನು ಆ ರಾತ್ರಿ ಹೇಳಲಾಗಲಿಲ್ಲ. "ಓದಿ ಹೇಳ್ತೀನಿ ದೊಡ್ಡಪ್ಪ" ಅಂದೆ. "ಹೇಳು, ಆದ್ರೆ ನಂಗೆ ಅರ್ಥವಾಗೋ ಹಾಗೆ ಹೇಳು" ಅಂದರು. ಊರಿಗೆ ಬಂದ ಮೇಲೆ ಪರೀಕ್ಷೆ, ಸೆಮಿನಾರು ಎಂದು ದಿನ ಹೋಯಿತು. ಓದಿದೆ, ತಿಳಿಯಿತು, ಆದರೆ ಹೇಳುವುದನ್ನು ಮುಂದಕ್ಕೆ ಹಾಕುತ್ತಲೇ ಬಂದೆ. ಈ ಬೇಸಿಗೆಯಲ್ಲಿ ದೊಡ್ಡಪ್ಪ ತೀರಿಕೊಂಡರು.

ವೈಕುಂಠ ಸಮಾರಾಧನೆಯ ದಿನ ಸಂಜೆ ಮಳೆ ಗಾಳಿಗೆ ಕರೆಂಟು ಹೋಯಿತು. ಅಟ್ಟದಲ್ಲಿ ಉಳಿದಿದ್ದ ಒಂದೇ ಒಂದು ಗ್ಯಾಸ್‌ಲೈಟನ್ನು ಇಳಿಸಿ, ಹೇಗೋ ಹೊಂದಿಸಿದ ಎಣ್ಣೆ ಹಾಕಿ, ಬಟ್ಟಲಿಗೆ ಸ್ಪಿರಿಟ್ ಸುರಿದೆ. ಅಣ್ಣನ ಮಗಳು, ಐದನೇ ಕ್ಲಾಸಿನವಳು, ಪಕ್ಕದಲ್ಲಿ ಕೂತು ನೋಡುತ್ತಿದ್ದಳು. "ಚಿಕ್ಕಪ್ಪಾ, ಎಣ್ಣೆ ಇದ್ಯಲ್ಲ, ಮತ್ತೆ ಇದ್ಯಾಕೆ?" ಎಂದಳು. ಲೈಟು ಹತ್ತಿಕೊಂಡು ಕೊಳವೆ ಕಾಯುವಷ್ಟು ಹೊತ್ತಿನಲ್ಲಿ, ಆಗುಂಬೆ ಘಟ್ಟದಿಂದ ಶುರುಮಾಡಿ ಅವಳಿಗೆ ಹೇಳಿದೆ. ಅವಳಿಗೆ ಅರ್ಥವಾಯಿತು ಎಂದೇ ತಿಳಿದಿದ್ದೇನೆ, ಯಾಕೆಂದರೆ ಅವಳು ಕೂಡಲೇ, "ಹಾಗಾದ್ರೆ ಮಳೆ ಬಂದ್ರೆ ಯಾಕೆ ಚಳಿ?" ಎಂದು ಕೇಳಿದಳು.

ಇಲ್ಲಿ ತಪ್ಪೇನಾದರೂ ಇದ್ದರೆ ರಸಾಯನಶಾಸ್ತ್ರ ವಿಭಾಗದ ಮಿತ್ರರು ತಿದ್ದಬೇಕು. ತಿದ್ದುವಾಗ ದಯವಿಟ್ಟು ಕನ್ನಡದಲ್ಲೇ ತಿದ್ದಲಿ. ನಮ್ಮ ಮನೆಯಲ್ಲಿ ಕೇಳುವವರು ಇನ್ನೂ ಇದ್ದಾರೆ.